ದೊಡ್ಡಪ್ಪನ ಅಪ್ಪುಗೆ

ಮಕ್ಕಳಿಗೆಂದು ಮಾಡಿದ ಕಾರ್ಟೂನು ಧಾರಾವಾಹಿಯೊಂದನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯಹೊರಟರೆ ಹುಬ್ಬೇರಿಸುವವರು ಉಂಟು. ಅವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಹಿರಿಯರು ಎಣ್ಣೆದೀಪದ ಬೆಳಕಿನಲ್ಲಿ ನಸುಕಿನವರೆಗೆ ಕುಳಿತು ನೋಡಿದ ತೊಗಲುಗೊಂಬೆಯಾಟವೂ ಬಣ್ಣದ ಚಿತ್ರಗಳ ಕುಣಿತವೇ. ರಾಮನೂ ರಾವಣನೂ ಅಲ್ಲಿ ಹದಮಾಡಿದ ಚರ್ಮದ ಚೂರುಗಳು. ಆ ಚೂರುಗಳನ್ನು ಕಂಡು ಕಣ್ಣೀರಿಟ್ಟವರು ಯಾರೂ ಅದಕ್ಕಾಗಿ ನಾಚಿದುದಿಲ್ಲ.

ಇಲ್ಲಿ ಹೇಳಹೊರಟಿರುವುದು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಅಮೆರಿಕದ ಧಾರಾವಾಹಿಯ ವಿಚಾರ. (ನೀಲಿ ಮೈಯವರ ಸಿನಿಮಾ ಬೇರೆ, ಹೆಸರಿನ ಹೋಲಿಕೆ ಮಾತ್ರ.) ಮೈಕೇಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೊನಿಯೆಟ್ಜ್‌ಕೊ ಎಂಬಿಬ್ಬರು ಕಲ್ಪಿಸಿದ ಈ ಕಥೆ ನಿಕಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ ಬಂದಿತು. ಒಟ್ಟು 61 ಕಂತುಗಳು. ನೀರು, ಭೂಮಿ, ಬೆಂಕಿ ಎಂಬ ಹೆಸರಿನ ಮೂರು ಪರ್ವಗಳು. ಇದರಲ್ಲಿ ಬೆಂಕಿಯಿಂದ ಕಾದುವ ದ್ವಂದ್ವಯುದ್ಧವನ್ನು ‘ಅಗ್ನಿ ಕೈ’ ಎನ್ನುತ್ತಾರೆ. ಆ ಕೈ ನಮ್ಮ ಕನ್ನಡದ ಕೈ ಅಲ್ಲದಿರಬಹುದು. ಆದರೂ ಅಂಗೈಯಿಂದ ಉರಿ ಚಿಮ್ಮಿಸುವ ಕಾಳಗಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಕನ್ನಡಿಗನೇ ಇಟ್ಟರೂ ಇಡಲಾರ.

ವಿಜಯನಗರದಲ್ಲಿ ಮಾರುತಿ ಮಂದಿರದಿಂದ ನಡೆದುಹೋಗುವಷ್ಟು ದೂರದಲ್ಲಿರುವ ನಮ್ಮ ಮನೆಗೆ ಬೇಸಿಗೆ ರಜಕ್ಕೆ ಬಂದಿದ್ದ ಮೊಮ್ಮಗ ಇದನ್ನು ನನಗೆ ತೋರಿಸಿದ. ಮೊದಲ ನಾಲ್ಕಾರು ಕಂತುಗಳನ್ನು ಅವನ ಸಂತೋಷಕ್ಕೆಂದು ನೋಡಿದೆ. ಆಮೇಲೆ ಅವನು ಮಲಗಿದ ಮೇಲೂ ನಾನೊಬ್ಬನೇ ನೋಡತೊಡಗಿದೆ. ತೆರೆಯ ಮೇಲೆ ಮುಖದ ಎಡಭಾಗವೆಲ್ಲ ಸುಟ್ಟ ಗಾಯದ ಗುರುತುಳ್ಳ ಹುಡುಗನೊಬ್ಬ, ಅವನ ಪಕ್ಕದಲ್ಲಿ ಚಹದ ಬಟ್ಟಲು ಹಿಡಿದ ಬೊಜ್ಜಿನ ಮುದುಕನೊಬ್ಬ. ಈ ಮುದುಕ ಅವನಿಗೆ ಏನಾಗಬೇಕೆಂದು ಕೇಳಿದೆ.

“ಅಂಕಲ್, ತಾತ.”

“ಯಾವ ಅಂಕಲ್? ಸೋದರಮಾವನೋ, ಚಿಕ್ಕಪ್ಪನೋ?”

“ಅವನ ಅಪ್ಪನ ಅಣ್ಣ.”

“ಹಾಗಾದರೆ ದೊಡ್ಡಪ್ಪ ಅನ್ನು.”

ಇದು ಮಗುವಿನ ಭಾಷೆ ತಿದ್ದುವ ಹಟವಲ್ಲ. ಇಂಗ್ಲಿಷಿನ ಆ ಒಂದು ಪದ ಬೀದಿಯ ತರಕಾರಿಯವನಿಗೂ ಸಲ್ಲುತ್ತದೆ. ದೊಡ್ಡಪ್ಪ ಎಂದಕೂಡಲೆ ಅವನ ಸ್ಥಾನವೂ ಅವನ ಹೊಣೆಯೂ ಗೊತ್ತಾಗುತ್ತವೆ. ಅವನು ಅಪ್ಪನಿಗಿಂತ ಹಿರಿಯ. ಅಪ್ಪ ತಪ್ಪಿದಲ್ಲಿ ಅಪ್ಪನಾಗಬೇಕಾದವನು. ಅಲ್ಲದೆ ಹಿರಿಯನಾದುದರಿಂದ ಸಿಂಹಾಸನಕ್ಕೆ ಮೊದಲ ಹಕ್ಕುದಾರ. ಈ ಧಾರಾವಾಹಿಯ ಮರ್ಮವೆಲ್ಲ ಈ ಕನ್ನಡ ಪದದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಕಥೆಯನ್ನು ಅರಿಯದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಅಗ್ನಿರಾಷ್ಟ್ರ ಜಗತ್ತನ್ನು ಗೆಲ್ಲಲು ನೂರು ವರ್ಷಗಳಿಂದ ಯುದ್ಧ ಹೂಡಿದೆ. ಅದರ ದೊರೆ ಓಝಾಯ್. ಅವನ ಮಗ ಝುಕೊ ಹದಿಮೂರನೆಯ ವಯಸ್ಸಿನಲ್ಲಿ ರಾಜಸಭೆಯಲ್ಲಿ ಬಾಯಿ ತೆರೆದು, ಎಳೆಯ ಸೈನಿಕರನ್ನು ಬಲಿಗೊಡುವ ಯೋಜನೆ ತಪ್ಪೆಂದುಬಿಡುತ್ತಾನೆ. ಅದಕ್ಕೆ ಶಿಕ್ಷೆ ಅಗ್ನಿ ಕೈ. ಎದುರಾಳಿ ಯಾವನೋ ಸೇನಾಪತಿ ಎಂದುಕೊಂಡು ಕಣಕ್ಕಿಳಿದ ಹುಡುಗನ ಎದುರು ನಿಂತವನು ಅಪ್ಪನೇ. ಹುಡುಗ ಮಂಡಿಯೂರಿ ಕೈಮುಗಿಯುತ್ತಾನೆ. ಅಪ್ಪ ಅವನ ಮುಖ ಸುಟ್ಟು, ‘ಅವತಾರ’ನನ್ನು ಹಿಡಿದು ತರುವವರೆಗೆ ನಾಡಿಗೆ ಕಾಲಿಡಬೇಡವೆಂದು ಅಟ್ಟುತ್ತಾನೆ. ಆ ದೇಶಭ್ರಷ್ಟನ ಹಡಗಿನಲ್ಲಿ ತಾನಾಗಿ ಹೊರಟವನು ದೊಡ್ಡಪ್ಪ ಐರೊ. ಮುಂದೆ ಬಾ ಸಿಂಗ್ ಸೇ ಎಂಬ ಮಹಾನಗರದಲ್ಲಿ ಇಬ್ಬರೂ ಹೆಸರು ಮರೆಸಿಕೊಂಡು ಚಹದಂಗಡಿ ನಡೆಸುತ್ತಾರೆ. ಹುಡುಗನ ಮನಸ್ಸು ಇನ್ನೇನು ತಿಳಿಯಾಯಿತೆನ್ನುವಾಗ ತಂಗಿ ಅಝೂಲಾ ಬಂದು ತವರಿನ ಗೌರವದ ಆಸೆ ತೋರಿಸುತ್ತಾಳೆ. ಎರಡನೆಯ ಪರ್ವದ ಕೊನೆಯಲ್ಲಿ ಝುಕೊ ತಂಗಿಯ ಪಕ್ಷ ಸೇರುತ್ತಾನೆ, ದೊಡ್ಡಪ್ಪ ಸೆರೆಯಾಗುತ್ತಾನೆ.

ಮೂರನೆಯ ಪರ್ವದಲ್ಲಿ ಅಪ್ಪನ ಮೆಚ್ಚಿಗೆ ಪಡೆದು ಅರಮನೆಗೆ ಮರಳಿದ ಹುಡುಗನಿಗೆ ಅಲ್ಲಿ ನೆಮ್ಮದಿಯಿಲ್ಲ. ತಾಯಿಯ ಕಡೆಯ ಮುತ್ತಾತ ಹಿಂದಿನ ಅವತಾರಪುರುಷನಾದ ರೋಕು, ತಂದೆಯ ಕಡೆಯ ಮುತ್ತಾತ ಯುದ್ಧ ಹೂಡಿದ ಸೋಝಿನ್ ಎಂದು ಅವನಿಗೆ ತಿಳಿದುಬರುತ್ತದೆ. ಕಾದುವ ಎರಡು ಪಕ್ಷಗಳೂ ಅವನ ರಕ್ತದಲ್ಲೇ ಇವೆ. ಕಡೆಗೆ ಅಪ್ಪನನ್ನು ಎದುರಿಸಿ ನುಡಿದು, ದೊಡ್ಡಪ್ಪನನ್ನು ಬಿಡಿಸಲು ಸೆರೆಮನೆಗೆ ಓಡಿದರೆ ಅವನು ಆಗಲೇ ಕಂಬಿ ಮುರಿದು ಹೋಗಿದ್ದಾನೆ. ಹುಡುಗ ವೈರಿಪಕ್ಷವನ್ನು ಸೇರುತ್ತಾನೆ.

ಕಥೆಯ ಕೊನೆಯಲ್ಲಿ, ಒಂದು ಗುಡಾರದೊಳಗೆ, ಇಬ್ಬರೂ ಮತ್ತೆ ಸಂಧಿಸುವ ದೃಶ್ಯವಿದೆ. ಈ ಲೇಖನ ಬರೆಯುವಂತೆ ಮಾಡಿದುದು ಆ ಎರಡು ನಿಮಿಷಗಳೇ. ಝುಕೊ ಗುಡಾರದ ಹೊರಗೆ ನಿಂತು ಒಳಗೆ ಹೋಗಲು ಅಂಜುತ್ತಾನೆ. ಹೋದಾಗ ಮುದುಕ ಗೊರಕೆ ಹೊಡೆಯುತ್ತ ಮಲಗಿದ್ದಾನೆ. ಹುಡುಗ ಎಬ್ಬಿಸುವುದಿಲ್ಲ, ಬೆಳಗಿನವರೆಗೆ ಕುಳಿತಿರುತ್ತಾನೆ. ಮುದುಕ ಎದ್ದು ಕೂರುತ್ತಾನೆ, ಬೆನ್ನು ಈ ಕಡೆಗೆ. ಹುಡುಗ ತಡವರಿಸುತ್ತ ಕ್ಷಮೆಯ ಮಾತು ಆರಂಭಿಸುತ್ತಾನೆ. ಅದು ಮುಗಿಯುವ ಮೊದಲೇ ಮುದುಕ ತಿರುಗಿ, ಅವನ ಅಂಗಿ ಹಿಡಿದು ಎಳೆದು ಅಪ್ಪಿಕೊಳ್ಳುತ್ತಾನೆ. ನಿನಗೆ ಸಿಟ್ಟು ಬಂದಿರಬೇಕೆಂದುಕೊಂಡಿದ್ದೆ ಎಂದು ಹುಡುಗ ಅಳುತ್ತಾನೆ. ಸಿಟ್ಟೆಂಬುದು ಬರಲೇ ಇಲ್ಲ, ನೀನು ದಾರಿ ತಪ್ಪಿದೆಯಲ್ಲ ಎಂಬ ಸಂಕಟವಷ್ಟೇ ಇದ್ದಿತು ಎನ್ನುತ್ತಾನೆ ಮುದುಕ.

ಇಷ್ಟನ್ನೇ ಕಿತ್ತು ತೋರಿಸಿದರೆ ಯಾವ ಸಹೃದಯನೂ ಇದನ್ನು ಅಗ್ಗದ ಕರುಣರಸ ಎಂದಾನು. ಹಾಗೆನಿಸದಿರುವುದಕ್ಕೆ ಕಾರಣ ಹಿಂದಿನ ಕಂತುಗಳಲ್ಲಿ ಕೃತಿಕಾರರು ಮಾಡಿಟ್ಟ ಸಿದ್ಧತೆ. ಮೊದಲ ಪರ್ವದಲ್ಲಿ ಐರೊ ಆ ಅಗ್ನಿ ಕೈಯ ಕಥೆಯನ್ನು ನಾವಿಕರಿಗೆ ಹೇಳುವಾಗ ಒಂದು ಸಣ್ಣ ಮಾತನ್ನು ಆಡುತ್ತಾನೆ: ಅಪ್ಪ ಮಗನ ಮುಖ ಸುಡುವಾಗ ತಾನು ಮುಖ ತಿರುಗಿಸಿಕೊಂಡೆನೆಂದು. ದೊಡ್ಡಪ್ಪ ಎನಿಸಿಕೊಂಡವನು ಆ ಸಭೆಯಲ್ಲೇ ಇದ್ದ, ತಡೆಯಲಿಲ್ಲ. ಮತ್ತೆ, ಅವನೇನೂ ಸಂತನಾಗಿ ಹುಟ್ಟಿದವನಲ್ಲ. ಈಗ ಚಹ ಕಾಸುತ್ತಿರುವ ಇದೇ ಬಾ ಸಿಂಗ್ ಸೇ ನಗರಕ್ಕೆ 600 ದಿನ ಮುತ್ತಿಗೆ ಹಾಕಿ ಕುಳಿತಿದ್ದ ದಂಡನಾಯಕ ಅವನೇ. ಒಬ್ಬನೇ ಮಗ ಲೂ ಟೆನ್ ಆ ಯುದ್ಧದಲ್ಲಿ ಸತ್ತಮೇಲೆ ಅವನ ಕೈಸೋತಿತು. ಸತ್ತ ಮಗನ ಹುಟ್ಟಿದ ದಿನ ಗುಡ್ಡದ ಮೇಲಿನ ಮರದ ಕೆಳಗೆ ಚಿತ್ರವೊಂದನ್ನಿಟ್ಟು, ಊದುಬತ್ತಿ ಹಚ್ಚಿ, ಹಾಡು ಹೇಳುತ್ತ ಗಂಟಲು ಕಟ್ಟುವ ಕಂತೊಂದಿದೆ. ಐರೊನಿಗೆ ದನಿ ಕೊಟ್ಟ ಮಾಕೊ ಎಂಬ ಹಿರಿಯ ನಟರು 2006ರಲ್ಲಿ ತೀರಿಕೊಂಡರು. ಆ ಭಾಗವನ್ನು ಅವರಿಗೇ ಅರ್ಪಿಸಿದ್ದಾರೆ.

ಹೀಗಾಗಿ ಈ ಮುದುಕ ಕ್ಷಮಿಸುವುದು ಮೇಲಿನ ಪೀಠದಿಂದಲ್ಲ. ತಾನೂ ಕ್ಷಮೆ ಬೇಡಬೇಕಾದ ಊರೊಂದಿದೆ, ಹುಡುಗನೊಬ್ಬನಿದ್ದಾನೆ ಎಂಬುದು ಅವನಿಗೆ ಗೊತ್ತು. ಸೆರೆಮನೆಯಲ್ಲಿ ಝುಕೊ ಬಂದು ಕಿರುಚಾಡಿದಾಗ ಅವನು ಮಾತೇ ಆಡದೆ ಗೋಡೆಗೆ ಮುಖ ಮಾಡಿ ಕುಳಿತಿರುತ್ತಾನೆ. ಹುಡುಗನಿಗೆ ಕಾಣುವುದು ಬೆನ್ನು, ನಮಗೆ ಮಾತ್ರ ಕಾಣುವುದು ಕಣ್ಣೀರು. ಆ ಮೌನದಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲವೆಂಬುದನ್ನು ನಾನು ಪೂರ್ತಿ ನಂಬಲಾರೆ. ಇದ್ದಿರಬೇಕು, ಗುಡಾರದ ಹೊತ್ತಿಗೆ ಅದು ಅವನಿಗೇ ಮರೆತುಹೋಗಿರಬೇಕು. ಮನೆಯ ಹಿರಿಯರು ಇಂಥ ಸುಳ್ಳನ್ನು ಮನಃಪೂರ್ವಕವಾಗಿ ಹೇಳುವುದುಂಟು.

ಭಾರತವನ್ನು ಬಲ್ಲವರಿಗೆ ಇಲ್ಲಿ ಇನ್ನೊಬ್ಬ ದೊಡ್ಡಪ್ಪನ ಅಪ್ಪುಗೆ ನೆನಪಾಗದಿರದು. ಪಾಂಡವರಿಗೆ ಧೃತರಾಷ್ಟ್ರ ದೊಡ್ಡಪ್ಪನಲ್ಲವೆ? ಯುದ್ಧ ಮುಗಿದು, ನೂರು ಮಕ್ಕಳನ್ನು ಕಳೆದುಕೊಂಡು ಕುಳಿತ ಆ ಕುರುಡ ಮುದುಕ ಭೀಮನನ್ನು ಅಪ್ಪಿಕೊಳ್ಳುತ್ತೇನೆಂದು ತೋಳು ಚಾಚಿದ. ಮನಸ್ಸಿನಲ್ಲಿದ್ದುದನ್ನು ಅರಿತ ಕೃಷ್ಣ ಕಬ್ಬಿಣದ ಪ್ರತಿಮೆಯನ್ನು ಮುಂದಿಟ್ಟ. ಮುದುಕ ಅದನ್ನು ಅಪ್ಪಿ ಪುಡಿಮಾಡಿ, ಎದೆ ಜಜ್ಜಿಸಿಕೊಂಡು ರಕ್ತ ಕಾರಿದ. ಅಷ್ಟಾದ ಮೇಲೆ, ಅಯ್ಯೋ ಭೀಮನನ್ನು ಕೊಂದೆನಲ್ಲಾ ಎಂದು ಅವನೇ ಅತ್ತ. ಆಮೇಲೆ ನಿಜವಾದ ಮಕ್ಕಳನ್ನು ನಿಜವಾಗಿ ಮುಟ್ಟಿದ. ವ್ಯಾಸರು ಮನುಷ್ಯಸ್ವಭಾವವನ್ನು ಕಂಡ ಬಗೆ ಇದು: ಸಿಟ್ಟಿಗೆ ಮೊದಲು ಏನಾದರೊಂದು ಕಬ್ಬಿಣದ ಗೊಂಬೆ ಬೇಕು. ಅಮೆರಿಕದ ಕೃತಿಕಾರರು ಆ ಗೊಂಬೆಯನ್ನು ಸೆರೆಮನೆಯ ಕತ್ತಲಲ್ಲಿ ಬಚ್ಚಿಟ್ಟುಬಿಟ್ಟರು. ವ್ಯಾಸರದು ಹೆಚ್ಚು ನಿಷ್ಠುರವಾದ ಕಲೆ. ಆದರೆ ಹತ್ತು ವರ್ಷದ ಹುಡುಗನ ಪಕ್ಕ ಕುಳಿತು ನೋಡುವಾಗ ನನಗೆ ಎರಡನೆಯದೇ ಸಾಕೆನಿಸಿತೆಂದು ಒಪ್ಪಿಕೊಳ್ಳಬೇಕು.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಸಾಮ್ರಾಜ್ಯದಲ್ಲೂ ಇಂಥದೊಂದು ಕಥೆ ನಡೆಯಿತು. ಪಕ್ಕದ ಹಂಪಿನಗರದ ಕಡೆ ಹೋದಾಗಲೆಲ್ಲ ನೆನಪಾಗುತ್ತದೆ. ಕೃಷ್ಣದೇವರಾಯ ತನ್ನ ಮಂತ್ರಿ ತಿಮ್ಮರಸನನ್ನು ಅಪ್ಪಾಜಿ ಎಂದು ಕರೆಯುತ್ತಿದ್ದನೆಂದು ಪ್ರತೀತಿ. ಎಳೆಯ ಮಗ ಸತ್ತಾಗ, ವಿಷವಿಕ್ಕಿದವರು ಮಂತ್ರಿಯ ಮನೆಯವರೆಂಬ ಗುಮಾನಿಯಿಂದ ಆ ಅಪ್ಪಾಜಿಯನ್ನು ಸೆರೆಗೆ ತಳ್ಳಿ ಕೊನೆಗೆ ಕಣ್ಣು ಕೀಳಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ನುನಿಜ್‌ನಲ್ಲಿ ಗುಡಾರದ ದೃಶ್ಯವಿಲ್ಲ. ಮುದುಕ ಸೆರೆಯಲ್ಲೇ ಉಳಿಯುತ್ತಾನೆ. ಜನರ ಬಾಯಿಗೆ ಬಂದಾಗ ಈ ಕಥೆಗೆ ರಾಯನ ಪಶ್ಚಾತ್ತಾಪ ಬೇಕಾಯಿತು. 1970ರಲ್ಲಿ ಬಿ. ಆರ್. ಪಂತುಲು ಅವರು ‘ಶ್ರೀಕೃಷ್ಣದೇವರಾಯ’ ಚಿತ್ರ ತೆಗೆದು, ರಾಜಕುಮಾರ್ ರಾಯನಾದಾಗ ತಾವೇ ತಿಮ್ಮರಸರಾಗಿ ನಿಂತರು. ಚಿತ್ರಮಂದಿರದಲ್ಲಿ ಕುಳಿತವರ ಮನಸ್ಸು ರಾಯನ ದಿಗ್ವಿಜಯಕ್ಕಿಂತ ಆ ಮುದುಕನ ಕಡೆಗೇ ವಾಲಿತು.

ಇಷ್ಟರಲ್ಲಿ ಸ್ವಂತದ ಮಾತೊಂದನ್ನು ಹೇಳಿಬಿಡುತ್ತೇನೆ, ಓದುಗರು ಮನ್ನಿಸಬೇಕು. ನಮ್ಮ ತಂದೆಯವರಿಗೂ ಅವರ ಅಣ್ಣನವರಿಗೂ ಹಿಸ್ಸೆಯ ವಿಚಾರದಲ್ಲಿ ಜಗಳವಾದಾಗ ನನಗೆ ಹನ್ನೊಂದು ವರ್ಷ. ಬದುವಿನ ಕಲ್ಲನ್ನು ದೊಡ್ಡಪ್ಪ ಸರಿಸಿದುದನ್ನು ಕಂಡೆನೆಂದು ಊರ ಹಿರಿಯರ ಮುಂದೆ ನಾನು ಹೇಳಿದೆ. ಕಂಡಿರಲಿಲ್ಲ. ತಂದೆಯವರು ಹೇಳೆಂದರು, ಹೇಳಿದೆ. ದೊಡ್ಡಪ್ಪ ನನ್ನನ್ನು ಒಂದು ಸಾರಿ ನೋಡಿ ಮೇಲೆದ್ದು ಹೋದರು. ನೌಕರಿ ಸಿಕ್ಕಿ ಬೆಂಗಳೂರಿಗೆ ಬಂದಮೇಲೆ ಒಂದು ಯುಗಾದಿಯಂದು ಊರಿಗೆ ಹೋಗಿ ಅವರ ಜಗಲಿಯವರೆಗೆ ನಡೆದೆ. ಒಳಗೆ ಅವರು ಕೆಮ್ಮುವುದು ಕೇಳಿಸುತ್ತಿತ್ತು. ಏನೆಂದು ಆರಂಭಿಸಬೇಕೆಂದು ತೋರದೆ ಹಾಗೆಯೇ ತಿರುಗಿ ಬಂದುಬಿಟ್ಟೆ. ಕಾರ್ತಿಕಮಾಸದಲ್ಲಿ ಕಾಗದ ಬಂದಿತು. ಆ ರಾಜಕುಮಾರ ಗುಡಾರದ ಹೊರಗೆ ನಿಂತಾಗ ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದೆನೆಂದು ಮೊಮ್ಮಗ ಆಮೇಲೆ ಅವನಮ್ಮನಿಗೆ ಹೇಳಿದನಂತೆ.

ಹಾಗೆಂದು ವಿಮರ್ಶಕನ ಕೆಲಸವನ್ನು ಕಣ್ಣೀರಿಗೆ ಒಪ್ಪಿಸಿಬಿಡಲಾಗದು. ಕೃತಿಯ ಮೇಲೆ ನನಗೊಂದು ಮುಖ್ಯವಾದ ಆಕ್ಷೇಪಣೆಯಿದೆ. ಪಕ್ಷ ಬದಲಿಸುವ ಕಷ್ಟವನ್ನು ಇದು ಬಹಳ ಹಗುರ ಮಾಡಿಕೊಂಡಿದೆ. ಬಿಡಬೇಕಾದ ಅಪ್ಪ ಎಂಥವನು? ಮಗನ ಮುಖ ಸುಟ್ಟವನು. ಅವನನ್ನು ಬಿಟ್ಟುಹೋಗಲು ಹುಡುಗನಿಗೆ ಮೂರು ಪರ್ವಗಳು ಬೇಕಾದುವೆಂಬುದೇ ಆಶ್ಚರ್ಯ. ಕನ್ನಡದ ಓದುಗ ಈ ಪ್ರಶ್ನೆಯನ್ನು ಇದಕ್ಕಿಂತ ಬಿಗಿಯಾದ ಗಂಟಿನಲ್ಲಿ ಕಂಡಿದ್ದಾನೆ. ಸಾವಿರ ವರ್ಷಕ್ಕೂ ಹಿಂದೆ, 941ರ ಸುಮಾರಿಗೆ, ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯವನ್ನು ಹೇಳಿದಾಗ ಕರ್ಣನಿಗೆ ನೆನಪಾಗುವುದು ದುರ್ಯೋಧನ ಕೊಟ್ಟ ರಾಜ್ಯಕ್ಕಿಂತ ಒಂದು ಸಣ್ಣ ಘಟನೆ. ಭಾನುಮತಿಯೊಡನೆ ಪಗಡೆಯಾಡುವಾಗ ತನ್ನ ಕೈಯಿಂದ ಅವಳ ಹಾರ ಹರಿದು ಮುತ್ತು ಚೆಲ್ಲಿದಾಗ, ಅದನ್ನು ಕಂಡ ಗಂಡ ಅನುಮಾನಪಡದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನಲ್ಲ, ಆ ನಂಬಿಕೆ. ದುರ್ಯೋಧನ ಲೋಕಕ್ಕೆ ಕೆಟ್ಟವನು, ಕರ್ಣನಿಗೆ ಕೆಟ್ಟವನಲ್ಲ. ಅನ್ನದ ಋಣ ಒಂದು ಕಡೆ, ಒಡಹುಟ್ಟಿದವರು ಇನ್ನೊಂದು ಕಡೆ.

ಕುಮಾರವ್ಯಾಸನಲ್ಲಿ ಇದೇ ಪ್ರಸಂಗ ಇನ್ನೂ ಕರುಳು ಹಿಂಡುತ್ತದೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಆ ಭಾಗವನ್ನು ಓದಿದವರು ಅನೇಕರಿದ್ದಾರೆ. ನಿನ್ನವರು ಇವರು ಎಂಬ ಅರಿವನ್ನೇ ಆಯುಧವಾಗಿ ಎಸೆದ ಕೃಷ್ಣನ ಮುಂದೆ ಕರ್ಣನಿಗೆ ಮೊದಲು ಬರುವ ಚಿಂತೆ, ಇದರಿಂದ ತನ್ನೊಡೆಯ ಕೆಟ್ಟನಲ್ಲಾ ಎಂಬುದು. ಇನ್ನು ರನ್ನನ ‘ಗದಾಯುದ್ಧ’ವನ್ನು ತೆಗೆದರೆ ನಮ್ಮ ಉಸಿರೇ ಕಟ್ಟುತ್ತದೆ. ಹೆಣಗಳ ನಡುವೆ ಕರ್ಣನನ್ನು ಕಂಡು ಅಳುವ ದುರ್ಯೋಧನ ಅಲ್ಲಿ ಹೇಳಿಬಿಡುತ್ತಾನೆ: ನೀನು ಯಾರ ಮಗನೆಂಬುದು ಕುಂತಿಗೂ ಸೂರ್ಯನಿಗೂ ಗೊತ್ತಿದ್ದಂತೆ ನನಗೂ ಗೊತ್ತಿತ್ತು ಎಂದು. ಗೊತ್ತಿದ್ದೂ ಒಂದು ದಿನವೂ ನಿನ್ನ ನಿಷ್ಠೆಯೇನೆಂದು ಕೇಳಲಿಲ್ಲ! ಇಂಥವನನ್ನು ಬಿಟ್ಟು ಹೋಗುವುದು ಹೇಗೆ? ಓಝಾಯ್ ಅಂಥ ಒಡೆಯನಾಗಿದ್ದರೆ ಝುಕೊನ ಕಥೆ ಏನಾಗುತ್ತಿತ್ತೆಂದು ಕೃತಿಕಾರರು ತಮ್ಮನ್ನು ತಾವು ಕೇಳಿಕೊಂಡಂತಿಲ್ಲ.

ಪಂಪನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅವನ ಕಾವ್ಯನಾಯಕ ಅರ್ಜುನ. ಅರ್ಜುನನೆಂದರೆ ಕವಿಗೆ ಆಶ್ರಯವಿತ್ತ ದೊರೆ ಅರಿಕೇಸರಿ. ಆದರೆ ಕರ್ಣ ಬಿದ್ದಾಗ ಕವಿ ಎಲ್ಲರನ್ನೂ ಬದಿಗಿಟ್ಟು ಕರ್ಣನನ್ನೇ ನೆನೆಯಿರೆನ್ನುತ್ತಾನೆ. ಉಂಡ ಉಪ್ಪು ಅರಿಕೇಸರಿಯದು, ಮನಸ್ಸು ವೈರಿಯ ಪಾಳೆಯದಲ್ಲಿ. ಕವಿಗೇ ಇಬ್ಬಂದಿಯಾದ ನಿಷ್ಠೆ!

ಆದರೂ ವ್ಯಾಸಭಾರತದ ಭೀಷ್ಮಪರ್ವದ ಕೊನೆಯಲ್ಲಿ ಈ ಕಾರ್ಟೂನಿನ ಗುಡಾರಕ್ಕೆ ತೀರ ಹತ್ತಿರದ ದೃಶ್ಯವೊಂದಿದೆ. ಎಲ್ಲರೂ ಹೊರಟುಹೋದಮೇಲೆ ಶರಶಯ್ಯೆಯ ಬಳಿಗೆ ಕರ್ಣ ಒಬ್ಬನೇ ಬರುತ್ತಾನೆ. ಬದುಕಿರುವಷ್ಟು ಕಾಲವೂ ಒಬ್ಬರನ್ನೊಬ್ಬರು ಹಳಿದವರು. ಭೀಷ್ಮ ಕಾವಲಿನವರನ್ನು ದೂರ ಕಳಿಸಿ, ತಂದೆ ಮಗನನ್ನು ಅಪ್ಪುವಂತೆ ಒಂದೇ ತೋಳಿನಿಂದ ಅವನನ್ನು ಅಪ್ಪುತ್ತಾನೆ. ನೀನು ಕುಂತಿಯ ಮಗ, ತಮ್ಮಂದಿರನ್ನು ಸೇರು ಎನ್ನುತ್ತಾನೆ. ಕರ್ಣ ತಾನಾಡಿದ ಬಿರುನುಡಿಗಳಿಗೆ ಕ್ಷಮೆ ಕೇಳುತ್ತಾನೆ, ಆದರೆ ಪಕ್ಷ ಬದಲಿಸಲೊಲ್ಲ. ಮುದುಕ ಅದಕ್ಕೂ ಒಪ್ಪಿ, ಹಾಗಾದರೆ ಹೋಗಿ ಕಾದು ಎಂದು ಕಳಿಸುತ್ತಾನೆ. ದಾರಿಗೆ ಬಂದವನನ್ನು ಐರೊ ಅಪ್ಪಿದ. ದಾರಿಗೆ ಬಾರದವನನ್ನೂ ಭೀಷ್ಮ ಅಪ್ಪಿದ. ಈ ವ್ಯತ್ಯಾಸ ಸಣ್ಣದಲ್ಲ.

ಕೃತಿಕಾರರಿಗೆ ಕ್ಷಮೆಯ ಗಡಿಯೇ ತಿಳಿಯದೆಂದು ಮಾತ್ರ ಹೇಳಬಾರದು. ಕಟಾರಾ ಎಂಬ ಹುಡುಗಿಯ ತಾಯಿಯನ್ನು ಅಗ್ನಿರಾಷ್ಟ್ರದ ದಾಳಿಕಾರನೊಬ್ಬ ಕೊಂದಿದ್ದಾನೆ. ಝುಕೊ ಅವಳನ್ನು ಆ ಕೊಲೆಗಾರನ ಊರಿಗೆ ಕರೆದೊಯ್ಯುತ್ತಾನೆ. ಸಿಕ್ಕವನು ಕೈಲಾಗದ ಮುದುಕ. ತಾಯಿಯ ಬೈಗುಳ ಕೇಳಿಕೊಂಡು ತರಕಾರಿ ಬೆಳೆಯುತ್ತಿದ್ದಾನೆ. ಜೀವ ಉಳಿಸಿಕೊಳ್ಳಲು ಅವನು ಹೇಳುವ ಉಪಾಯವೇನು? ನಿನ್ನ ತಾಯಿಗೆ ಬದಲಾಗಿ ನನ್ನ ತಾಯಿಯನ್ನು ಕೊಂದುಕೋ ಎಂಬುದು! ಮಕ್ಕಳ ಕಾರ್ಟೂನಿನಲ್ಲಿ ಇಂಥ ಕರಾಳ ಹಾಸ್ಯ ಬರೆದವರ ಧೈರ್ಯವನ್ನು ಮೆಚ್ಚಬೇಕು. ಮಳೆಹನಿಗಳನ್ನೆಲ್ಲ ಮಂಜಿನ ಚೂರಿಗಳಾಗಿ ನಿಲ್ಲಿಸಿದ ಹುಡುಗಿ ಕೊಲ್ಲದೆ ಹಿಂದಿರುಗುತ್ತಾಳೆ. ಇವನನ್ನು ಕ್ಷಮಿಸಿಲ್ಲ, ಎಂದೂ ಕ್ಷಮಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಅದೇ ಉಸಿರಿನಲ್ಲಿ, ಅಷ್ಟು ದಿನ ಮುಖಗೊಟ್ಟು ಮಾತಾಡದ ಝುಕೊನನ್ನು ಮನ್ನಿಸುತ್ತಾಳೆ. ಇವಳ ಕ್ಷಮೆ ಐರೊನ ಕ್ಷಮೆಯಂತೆ ಕೇಳುವ ಮೊದಲೇ ಸಿದ್ಧವಾಗಿದ್ದುದಲ್ಲ. ಬೆಲೆ ಕಟ್ಟಿಸಿಕೊಂಡು ಬಂದುದು. ಎರಡನ್ನೂ ಒಂದೇ ಕೃತಿಯಲ್ಲಿ ಇಟ್ಟು, ಯಾವುದು ಮೇಲೆಂದು ತೀರ್ಪು ಕೊಡದಿರುವುದು ಕೃತಿಕಾರರ ದೊಡ್ಡ ಗುಣ.

ತಂಗಿ ಅಝೂಲಾಳ ವಿಷಯದಲ್ಲಿ ಮಾತ್ರ ಅವರು ಕೈಸೋತರು. ಅಪ್ಪನ ಮೆಚ್ಚಿಗೆಗಾಗಿಯೇ ಬದುಕಿ, ಬುದ್ಧಿ ಕೆಟ್ಟು, ಸರಪಳಿಯಲ್ಲಿ ಬಿಗಿಸಿಕೊಂಡು ಬೆಂಕಿಯುಗುಳುತ್ತ ಅಳುವ ಆ ಹುಡುಗಿಯನ್ನು ಅಪ್ಪಿಕೊಳ್ಳಲು ಯಾವ ದೊಡ್ಡಪ್ಪನೂ ಬರಲಿಲ್ಲ. ಇವಳಿಗೂ ಐರೊ ದೊಡ್ಡಪ್ಪನೇ ಅಲ್ಲವೆ? ಆದರೆ ಆ ಮುದುಕ ಇವಳ ವಿಚಾರದಲ್ಲಿ ಒಂದು ಮೃದುವಾದ ಮಾತನ್ನೂ ಆಡಿದುದು ಕಾಣೆ.

ಯುದ್ಧ ಮುಗಿದು ಪಟ್ಟಾಭಿಷೇಕವಾದ ಮೇಲೆ ಝುಕೊ ಅಪ್ಪನನ್ನು ನೋಡಲು ಸೆರೆಮನೆಗೆ ಹೋಗುತ್ತಾನೆ. ಕ್ಷಮಿಸಲಿಕ್ಕಲ್ಲ. ಎಂದೋ ಅರಮನೆಯಿಂದ ಕಾಣೆಯಾದ ತಾಯಿ ಎಲ್ಲಿದ್ದಾಳೆಂದು ಕೇಳುತ್ತಾನೆ. ಅಪ್ಪನ ಉತ್ತರವನ್ನು ನಮಗೆ ಕೇಳಿಸದೆ ದೃಶ್ಯ ಮುಗಿಯುತ್ತದೆ. ಆ ಉತ್ತರ ಚಿತ್ರಕಥೆಯ ಪುಸ್ತಕಗಳಾಗಿ 2013ರಲ್ಲಿ ಬಂದಿದೆಯಂತೆ. ದಸರಾ ರಜಕ್ಕೆ ಬರುವಾಗ ತರುತ್ತೇನೆಂದು ಮೊಮ್ಮಗ ಹೇಳಿ ಹೋಗಿದ್ದಾನೆ.